ಕಂಬ, ಕಲ್ಲು, ಜಾಡಿ: ಒಕಿನಾವಾ ಕರಾಟೆಯ ಹಳೆಯ ಸಾಧನೆ ಮನೆಯಲ್ಲೇ, ಕ್ರಮವಾಗಿ

ವಾರಕ್ಕೆ ಎರಡು ದಿನ, ಸಲಕ್ಕೆ ಒಂದು ಗಂಟೆ. ನಮ್ಮೂರುಗಳ ಬಹುಪಾಲು ಕರಾಟೆ ತರಗತಿಗಳ ಲೆಕ್ಕ ಇಷ್ಟೇ. ಅಷ್ಟರಲ್ಲಿ ವಾರ್ಮ್ ಅಪ್ ಆಗಬೇಕು, ಪಂಚ್, ಬ್ಲಾಕ್, ಕಿಕ್ ಆಗಬೇಕು, ಒಂದೆರಡು ಕಟಾ (ಗೊತ್ತುಪಡಿಸಿದ ಚಲನೆಗಳ ಸರಣಿ) ತಿದ್ದಬೇಕು, ಟೂರ್ನಮೆಂಟ್ ಹತ್ತಿರ ಬಂದರೆ ಕುಮಿತೆಗೆ (ಎದುರಾಳಿಯೊಂದಿಗಿನ ಕಾದಾಟದ ಅಭ್ಯಾಸ) ಹೊತ್ತು ಕೊಡಬೇಕು. ಹೀಗೆ ನಾಲ್ಕೈದು ವರ್ಷ ಕಲಿತು ಕಪ್ಪು ಬೆಲ್ಟ್ ಕಟ್ಟಿಕೊಂಡವರಲ್ಲೂ ಎಷ್ಟೋ ಮಂದಿಯ ಮುಷ್ಟಿ ಗಟ್ಟಿ ವಸ್ತುವೊಂದಕ್ಕೆ ಸರಿಯಾಗಿ ತಾಗಿರುವುದೇ ಇಲ್ಲ. ಗಾಳಿಗೆ ಹೊಡೆದ ಪಂಚ್‌ನಲ್ಲಿ ಮಣಿಕಟ್ಟು ಬಾಗಿದ್ದರೂ ಹಿಮ್ಮಡಿ ಎದ್ದಿದ್ದರೂ ಯಾವ ತೊಂದರೆಯೂ ಕಾಣಿಸುವುದಿಲ್ಲ. ಕಂಬಕ್ಕೆ ಹೊಡೆದರೆ ಆ ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ.

ಕರಾಟೆ ಹುಟ್ಟಿದ ಜಪಾನಿನ ದ್ವೀಪ ಒಕಿನಾವಾದ ಗುರುಗಳು ಕಂಬ, ಕಲ್ಲು, ಮಣ್ಣಿನ ಜಾಡಿಗಳನ್ನು ಅಂಗಳದಲ್ಲಿ ಇಟ್ಟುಕೊಂಡದ್ದು ಇದಕ್ಕೇ. ಈ ಪೂರಕ ಸಾಧನೆಯನ್ನು ಅಲ್ಲಿ ಹೋಜೊ ಉಂಡೊ ಎನ್ನುತ್ತಾರೆ. ಅಲ್ಲಿನ ಹಲವು ಶೈಲಿಗಳಲ್ಲಿ ಇದರ ಒಂದಿಷ್ಟು ಉಳಿದಿದೆ. ಆದರೆ ನಾಹಾ ಪಟ್ಟಣದ ಪರಂಪರೆಯಲ್ಲಿ, ಅಂದರೆ ಇಂದಿನ ಗೊಜು ರ‍್ಯುನಲ್ಲಿ, ಅದು ದಿನಚರಿಯ ಭಾಗ. ಚೀನಾದ ಫುಝೌಗೆ ಹೋಗಿ ಕಲಿತು ಬಂದ ಹಿಗಾವೊನ್ನಾ ಕಾನ್ರ‍್ಯೊ (1853–1915) ಮತ್ತು ಅವರ ಶಿಷ್ಯ, ಗೊಜು ರ‍್ಯು ಸ್ಥಾಪಕ ಮಿಯಾಗಿ ಚೋಜುನ್ (1888–1953) ಇದರ ಮೂಲಪುರುಷರು. ಅಂಗಾಂಗ ಸಡಿಲಿಸುವ ವ್ಯಾಯಾಮ, ಉಪಕರಣದ ಸಾಧನೆ, ಉಸಿರು, ಕಟಾ, ಜೊತೆಗಾರನೊಂದಿಗೆ ಅಭ್ಯಾಸ ಎಂಬ ಅನುಕ್ರಮಕ್ಕೆ ಒಂದು ಶಿಸ್ತು ತಂದವರು ಮಿಯಾಗಿ. ಇಲ್ಲಿ ಹೇಳುವುದು ಆ ದಾರಿಯನ್ನೇ. ಬೇರೆ ಶೈಲಿಗಳಾದ ಶೋಟೊಕಾನ್ ಅಥವಾ ಶಿಟೊ ರ‍್ಯು ಕಲಿಯುತ್ತಿರುವವರಿಗೂ ಇದರಲ್ಲಿ ಹೆಚ್ಚಿನದು ಹಾಗೇ ಹೊಂದುತ್ತದೆ.

ಇಲ್ಲಿ ಅನುಕ್ರಮವೇ ಮುಖ್ಯ. ಮೊದಲು ನಿಲ್ಲುವುದು, ಆಮೇಲೆ ಉಸಿರು, ಆಮೇಲೆ ಹಿಡಿತ, ಕೊನೆಗೆ ಹೊಡೆತ. ಎಲ್ಲರಿಗೂ ಮೊದಲು ಆಸೆ ಹುಟ್ಟುವುದು ಹೊಡೆತದ ಮೇಲೆ, ಅದಕ್ಕೇ ಕೈ ಮುರಿದುಕೊಳ್ಳುವವರೂ ಹೆಚ್ಚು.

ಶುರು ಮಾಡುವ ಮೊದಲು

ಗುರುವಿಲ್ಲದೆ ಇದನ್ನು ಆರಂಭಿಸಬೇಡಿ. ತರಗತಿಯಲ್ಲಿ ಕನಿಷ್ಠ ಆರು ತಿಂಗಳು ಕಳೆದಿರಬೇಕು, ಒಂದು ಕಟಾ ತಪ್ಪಿಲ್ಲದೆ ಬರುತ್ತಿರಬೇಕು. ಗೊಜು ರ‍್ಯುನಲ್ಲಿ ಅದು ಗೆಕಿಸಾಯ್ ದಾಯ್ ಇಚಿ; ಹೊಸಬರಿಗೆ ಸುಲಭವಾಗಲಿ ಎಂದೇ ಮಿಯಾಗಿ 1940ರಲ್ಲಿ ಅದನ್ನು ರಚಿಸಿದರು. ಹೊಸದಾಗಿ ತರಗತಿ ಹುಡುಕುತ್ತಿರುವವರು ಒಂದು ದಿನ ಸುಮ್ಮನೆ ಕೂತು ನೋಡಲಿ. ಗುರು ವಿದ್ಯಾರ್ಥಿಯ ಮಂಡಿ, ಸೊಂಟ, ಹೆಗಲನ್ನು ಮುಟ್ಟಿ ತಿದ್ದುತ್ತಾರೆಯೇ? ಕಟಾದ ಒಂದು ಚಲನೆ ಯಾವುದಕ್ಕೆಂದು ಕೇಳಿದರೆ ಜೊತೆಗಾರನ ಮೇಲೆ ಮಾಡಿ ತೋರಿಸುತ್ತಾರೆಯೇ? ಗೋಡೆಯ ಮೇಲಿನ ಟ್ರೋಫಿಗಳಿಗಿಂತ ಈ ಎರಡು ಹೆಚ್ಚು ತಿಳಿಸುತ್ತವೆ. ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಡ್ಡಾಯವಾಗಿ ಬೆಲ್ಟ್ ಪರೀಕ್ಷೆ ಎನ್ನುವ ಕಡೆ ಎಚ್ಚರವಿರಲಿ. ಕರಾಟೆಗೆ ಬೆಲ್ಟ್ ಬಂದದ್ದೇ ಜೂಡೋದಿಂದ. ಒಕಿನಾವಾದ ಕರಾಟೆ ಗುರು ಫುನಾಕೋಶಿ ಗಿಚಿನ್ ಟೋಕಿಯೊದಲ್ಲಿ ತಮ್ಮ ಶಿಷ್ಯರಿಗೆ ಮೊದಲ ಕಪ್ಪು ಬೆಲ್ಟ್ ಕೊಟ್ಟದ್ದು 1924ರಲ್ಲಿ. ಅದಕ್ಕೆ ಮುಂಚಿನ ಒಕಿನಾವಾದ ಗುರುಗಳು ಯಾರೂ ಬೆಲ್ಟ್ ನೋಡಿ ಪಾಠ ಹೇಳಿದವರಲ್ಲ.

ಬಿ.ಪಿ., ಹೃದಯದ ತೊಂದರೆ, ಹರ್ನಿಯಾ, ಗ್ಲಾಕೋಮಾ ಇರುವವರು ಮತ್ತು ಗರ್ಭಿಣಿಯರು ಮೈಬಿಗಿ ಹಿಡಿದು ಮಾಡುವ ಕಟಾ ಆದ ಸಾಂಚಿನ್‌ಗೆ ಕೈ ಹಾಕಬಾರದು. ಹದಿನಾರು ದಾಟದ ಮಕ್ಕಳು ಕಂಬಕ್ಕೆ ಹೊಡೆಯಬಾರದು. ಆ ವಯಸ್ಸಿನಲ್ಲಿ ಮೂಳೆಯ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ, ಅಲ್ಲಿ ಆದ ಪೆಟ್ಟು ಬೆರಳನ್ನು ಶಾಶ್ವತವಾಗಿ ಸೊಟ್ಟ ಮಾಡಬಹುದು. ಮಕ್ಕಳಿಗೆ ನಿಲುವು, ಕಟಾ, ಹಗುರ ಜಾಡಿ ಬೇಕಾದಷ್ಟಾಯಿತು.

ನಿಲ್ಲುವುದು ಮತ್ತು ಉಸಿರಾಡುವುದು

ಉಪಕರಣದ ಎಲ್ಲ ಸಾಧನೆಗೂ ತಳಪಾಯ ಸಾಂಚಿನ್ ದಾಚಿ ಎಂಬ ನಿಲುವು. ಬರಿಗಾಲಲ್ಲಿ, ಜಾರದ ನೆಲದ ಮೇಲೆ, ಪಾದಗಳನ್ನು ಹೆಗಲಗಲ ಇಟ್ಟು ನಿಲ್ಲಿ. ಬಲಪಾದವನ್ನು ಎಡಪಾದದ ಹತ್ತಿರ ತಂದು, ಅರ್ಧಚಂದ್ರದಂತೆ ಬಳಸಿ, ಮುಂದಿಡಿ. ಬಲ ಹಿಮ್ಮಡಿಯಿಂದ ಅಡ್ಡ ಗೆರೆ ಎಳೆದರೆ ಅದು ಎಡ ಹೆಬ್ಬೆರಳಿನ ತುದಿಗೆ ತಾಗಬೇಕು. ಇದಕ್ಕಿಂತ ಮುಂದೆ ಹೋದರೆ ನಿಲುವು ಉದ್ದವಾಯಿತು, ಸೊಂಟ ಸಡಿಲವಾಗುತ್ತದೆ. ಮುಂದಿನ ಪಾದ ಸ್ವಲ್ಪ ಒಳಮುಖವಾಗಿರಲಿ, ಹಿಂದಿನದು ಹೆಚ್ಚುಕಡಿಮೆ ನೇರ. ಭಾರ ಎರಡೂ ಕಾಲಿಗೆ ಸಮ. ಮಂಡಿ ತುಸು ಬಾಗಿರಲಿ, ಆದರೆ ಒಳಕ್ಕೆ ಕುಸಿಯಬಾರದು. ಮಂಡಿಚಿಪ್ಪು ಕಾಲಿನ ಎರಡನೇ ಬೆರಳಿನ ದಿಕ್ಕನ್ನೇ ನೋಡುತ್ತಿರಬೇಕು. ಇದು ತಪ್ಪಿದರೆ ಕೆಲವೇ ವಾರಗಳಲ್ಲಿ ಮಂಡಿಯ ಒಳಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ.

ಈಗ ಬಾಲಮೂಳೆಯನ್ನು ಕೆಳಗೆ ಮುಂದಕ್ಕೆ ಮಡಿಸಿದ ಹಾಗೆ ಸೊಂಟವನ್ನು ಓರೆ ಮಾಡಿ. ನಡುಬೆನ್ನಿನ ಕೆಳಗಿನ ಹಳ್ಳ ಮುಚ್ಚಿಕೊಳ್ಳುತ್ತದೆ, ಕಿಬ್ಬೊಟ್ಟೆ ತಾನಾಗಿ ಬಿಗಿಯುತ್ತದೆ. ಕಾಲ್ಬೆರಳು ನೆಲವನ್ನು ಹಿಡಿಯಲಿ. ಗಲ್ಲ ಒಳಕ್ಕೆ, ಹೆಗಲು ಕೆಳಕ್ಕೆ. ಎರಡೂ ಮುಷ್ಟಿ ಹೆಗಲಿನ ಎತ್ತರದಲ್ಲಿ ಮುಂದಿರಲಿ, ಮೊಣಕೈ ಪಕ್ಕೆಯಿಂದ ಒಂದು ಮುಷ್ಟಿ ದೂರದಲ್ಲಿ ನಿಲ್ಲಲಿ. ಈ ನಿಲುವಲ್ಲಿ ಎರಡು ನಿಮಿಷ ಸುಮ್ಮನೆ ನಿಂತರೆ ತೊಡೆ ನಡುಗಲು ಶುರುವಾಗುತ್ತದೆ. ಅದು ಸಹಜ. ಬೆನ್ನು ನೋಯುತ್ತಿದ್ದರೆ ಮಾತ್ರ ಸೊಂಟದ ಓರೆ ಅತಿಯಾಗಿದೆ ಎಂದು ತಿಳಿಯಿರಿ.

ಉಸಿರಿಗೆ ಬನ್ನಿ. ಮೂಗಿನಿಂದ ನಾಲ್ಕು ಸೆಕೆಂಡು ಒಳಕ್ಕೆ, ಬಾಯಿಯಿಂದ ಐದಾರು ಸೆಕೆಂಡು ಹೊರಕ್ಕೆ. ಹೊರ ಬಿಡುವಾಗ ಕಿಬ್ಬೊಟ್ಟೆ ನಿಧಾನವಾಗಿ ಬಿಗಿಯುತ್ತಾ ಹೋಗಬೇಕು, ಕಡೆಯಲ್ಲಿ ಉಳಿದಿದ್ದನ್ನು ಪುಟ್ಟದಾಗಿ ಒಂದೇ ಸಲ ಹೊರದಬ್ಬಬೇಕು. ಮೊದಲ ಮೂರು ತಿಂಗಳು ಇದನ್ನು ಮೈ ಬಿಗಿಯದೆಯೇ ಮಾಡಿ. ಆಮೇಲೆ ಹೊರ ಬಿಡುವಾಗ ಮಾತ್ರ ಪಾದದಿಂದ ಹೆಗಲಿನವರೆಗೆ ಮೈ ಬಿಗಿಯುವುದು, ಒಳ ತೆಗೆಯುವಾಗ ಸಡಿಲಿಸುವುದು. ಎಲ್ಲಕ್ಕಿಂತ ದೊಡ್ಡ ತಪ್ಪು ಉಸಿರನ್ನು ಹಿಡಿದು ಮೈ ಬಿಗಿಯುವುದು. ಎದೆಯ ಒಳಗಿನ ಒತ್ತಡ ಏರಿ ರಕ್ತದೊತ್ತಡ ಸರ್ರನೆ ಮೇಲಕ್ಕೆ ಹೋಗುತ್ತದೆ, ಮುಖ ಕೆಂಪಾಗುತ್ತದೆ, ಬಿಟ್ಟ ಕೂಡಲೇ ತಲೆ ಸುತ್ತುತ್ತದೆ. ಇನ್ನೊಂದು ತಪ್ಪು ಗಂಟಲಿನಿಂದ ‘ಹಾಆಆ’ ಎಂದು ದೊಡ್ಡ ಸದ್ದು ಮಾಡುವುದು. ಗಂಟಲು ಕೆರೆತ ಬಂದರೆ ಉಸಿರು ಹೊಟ್ಟೆಯಿಂದ ಬರುತ್ತಿಲ್ಲ ಎಂದೇ ಅರ್ಥ. ಸದ್ದು ಇರಲೇಬೇಕೆಂದಿಲ್ಲ.

ಇದೇ ನಿಲುವಲ್ಲಿ, ಇದೇ ಉಸಿರಲ್ಲಿ ಹೆಜ್ಜೆಯಿಟ್ಟು ನಿಧಾನವಾಗಿ ಪಂಚ್ ಮಾಡುವುದೇ ಸಾಂಚಿನ್ ಕಟಾ. ಅದರ ವಿವರವನ್ನು ಗುರುವಿನ ಬಳಿಯೇ ಕಲಿಯಬೇಕು. ಅಭ್ಯಾಸಿ ಬಿಗಿ ಹಿಡಿದು ನಿಂತಾಗ ಗುರು ಅವನ ಹೆಗಲು, ಪಕ್ಕೆ, ತೊಡೆಗಳನ್ನು ಅಂಗೈಯಿಂದ ತಟ್ಟಿ ಪರೀಕ್ಷಿಸುವ ಪದ್ಧತಿ ಇದೆ, ಅದಕ್ಕೆ ಶಿಮೆ ಎಂದು ಹೆಸರು. ಎಲ್ಲಿ ಬಿಗಿ ಸಾಲದು ಎಂಬುದನ್ನು ಅಭ್ಯಾಸಿಯ ಮೈಗೆ ತಿಳಿಸುವುದು ಅದರ ಉದ್ದೇಶ. ಹೊಸಬನ ಮೈಮೇಲೆ ಬರೆ ಬರುವಂತೆ ಹೊಡೆಯುವುದು ಶಿಮೆಯಲ್ಲ. ಹಾಗೆ ಮಾಡುವ ಕಡೆಯಿಂದ ಎದ್ದು ಬನ್ನಿ.

ಚೀಶಿ: ಹಿಡಿಯಿರುವ ಕಲ್ಲು

ಮರದ ಹಿಡಿಯ ಒಂದು ತುದಿಗೆ ಭಾರ ಕೂರಿಸಿದ ಸಾಧನ ಇದು. ಗರಡಿಮನೆಯ ಗದೆ ಕಂಡವರಿಗೆ ಇದರ ಗುಣ ಬೇಗ ತಿಳಿಯುತ್ತದೆ. ಭಾರವೆಲ್ಲ ಒಂದೇ ತುದಿಯಲ್ಲಿರುವುದರಿಂದ ಕೆಲಸ ಬೀಳುವುದು ಮಣಿಕಟ್ಟು, ಮುಂಗೈ, ಹೆಗಲ ಕೀಲಿಗೆ. ಪಂಚ್ ತಾಗುವಾಗ ಬಾಗಬಾರದ ಜಾಗಗಳೂ ಅವೇ, ಹಾಗಾಗಿ ಕಂಬಕ್ಕೆ ಮೊದಲು ಚೀಶಿ.

ಮನೆಯಲ್ಲೇ ಮಾಡಿಕೊಳ್ಳಬಹುದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸುತ್ತಿಗೆಯ ಹಿಡಿ ತಂದು 45 ಸೆಂ.ಮೀ.ಗೆ ಕತ್ತರಿಸಿ. ಸುಮಾರು 3 ಸೆಂ.ಮೀ. ದಪ್ಪ ಇರಲಿ. ಕೆಳಗಿನ 10 ಸೆಂ.ಮೀ.ಗೆ ಎರಡು ಕೋಟ್ ಆಯಿಲ್ ಪೇಂಟ್ ಬಳಿದು ಒಣಗಿಸಿ, ಆ ಭಾಗದಲ್ಲಿ ಮೂರು ಅಂಗುಲದ ಎರಡು ಮೊಳೆಗಳನ್ನು ಅಡ್ಡಡ್ಡ ತೂರುವಂತೆ ಹೊಡೆಯಿರಿ. ಈ ಎರಡು ಕೆಲಸ ಬಿಟ್ಟರೆ ಏನಾಗುತ್ತದೆ? ಹಸಿ ಕಾಂಕ್ರೀಟಿನ ನೀರು ಕುಡಿದು ಮರ ಉಬ್ಬುತ್ತದೆ, ಕಾಂಕ್ರೀಟ್ ಅದೇ ಅಳತೆಗೆ ಗಟ್ಟಿಯಾಗುತ್ತದೆ, ತಿಂಗಳಾದ ಮೇಲೆ ಮರ ಒಣಗಿ ಕುಗ್ಗುತ್ತದೆ. ಆಗ ತಲೆಯ ಮೇಲೆ ತಿರುಗಿಸುತ್ತಿರುವ ಮೂರು ಕಿಲೋ ಕಲ್ಲು ಹಿಡಿ ಬಿಟ್ಟು ಹಾರುತ್ತದೆ.

ಅಚ್ಚಿಗೆ ಪ್ಲಾಸ್ಟಿಕ್ ಡಬ್ಬಿ ಸಾಕು. ಕಾಂಕ್ರೀಟ್ ಒಂದು ಲೀಟರಿಗೆ ಸುಮಾರು 2.4 ಕಿಲೋ ತೂಗುತ್ತದೆ. 2 ಕಿಲೋ ಬೇಕಾದರೆ ಮುಕ್ಕಾಲು ಲೀಟರಿಗೆ ತುಸು ಹೆಚ್ಚು, 3 ಕಿಲೋಗೆ ಒಂದೂಕಾಲು ಲೀಟರ್. ಸಿಮೆಂಟ್ ಒಂದು ಪಾಲು, ಮರಳು ಎರಡು ಪಾಲು, ಬೇಬಿ ಜಲ್ಲಿ ಮೂರು ಪಾಲು. ನೀರು ಹೆಚ್ಚಾದರೆ ಕಾಂಕ್ರೀಟ್ ಸೊರಗುತ್ತದೆ, ಉಂಡೆ ಕಟ್ಟಿದರೆ ನಿಲ್ಲುವಷ್ಟು ಗಟ್ಟಿಯಾಗಿ ಕಲಸಿ. ಹಿಡಿಯನ್ನು ನಟ್ಟನಡುವೆ ನೇರ ನಿಲ್ಲಿಸಿ ಸುತ್ತ ಕುಟ್ಟಿ ತುಂಬಿ. ಮರುದಿನ ಅಚ್ಚು ಬಿಡಿಸಿ, ಒದ್ದೆ ಗೋಣಿಚೀಲ ಸುತ್ತಿ ಏಳು ದಿನ ನೀರುಣಿಸಿ. ಒಟ್ಟು 28 ದಿನ ಕಳೆಯುವವರೆಗೆ ಬೀಸಬೇಡಿ.

ಹೆಂಗಸರಿಗೂ ಹದಿನಾರು ದಾಟಿದ ಹದಿಹರೆಯದವರಿಗೂ 2 ಕಿಲೋ, ಗಂಡಸರಿಗೆ 3 ಕಿಲೋ ಆರಂಭಕ್ಕೆ ಸರಿ. ಕಡಿಮೆ ಅನ್ನಿಸಿದರೂ ಹಿಗ್ಗಬೇಡಿ. ಕಲ್ಲಿನಿಂದ ಕೈಯಿರುವ ದೂರ ಎರಡರಷ್ಟಾದರೆ ಮಣಿಕಟ್ಟಿನ ಮೇಲಿನ ಹೊರೆಯೂ ಎರಡರಷ್ಟಾಗುತ್ತದೆ. ಆದ್ದರಿಂದ ಮೊದಲ ತಿಂಗಳು ಕಲ್ಲಿನ ಹತ್ತಿರವೇ ಹಿಡಿದು, ತಿಂಗಳಿಗೆ ಎರಡು ಬೆರಳಗಲದಂತೆ ಹಿಂದಕ್ಕೆ ಸರಿಯುತ್ತ ಹೋಗಿ. ಒಂದೇ ಚೀಶಿ ವರ್ಷವಿಡೀ ಸಾಕಾಗುತ್ತದೆ.

ಅಭ್ಯಾಸ ಮೂರು. ಮೊದಲನೆಯದರಲ್ಲಿ ಕಲ್ಲು ಮೇಲಾಗಿ ಹಿಡಿ ನೆಟ್ಟಗಿರುವಂತೆ ಹಿಡಿದು, ಕೈಯನ್ನು ಮುಂದಕ್ಕೆ ಹೆಗಲೆತ್ತರಕ್ಕೆ ಚಾಚಿ, ಐದು ಎಣಿಸುವವರೆಗೆ ನಿಲ್ಲಿಸಿ ಇಳಿಸುವುದು. ಎರಡನೆಯದರಲ್ಲಿ ಅದೇ ಹಿಡಿತದಲ್ಲಿ ಕಲ್ಲನ್ನು ನಿಧಾನವಾಗಿ ಒಳಕ್ಕೂ ಹೊರಕ್ಕೂ ಮಲಗಿಸಿ ಮತ್ತೆ ನೆಟ್ಟಗೆ ತರುವುದು. ಇಲ್ಲಿ ಮೊಣಕೈ ಪಕ್ಕೆಗೆ ಅಂಟಿರಬೇಕು. ಮೂರನೆಯದರಲ್ಲಿ ಕಲ್ಲನ್ನು ಹೆಗಲ ಹಿಂದಕ್ಕೆ ಇಳಿಬಿಟ್ಟು, ತಲೆಯ ಬದಿಯಿಂದ ಮುಂದಕ್ಕೆ ತಂದು, ಪಂಚ್ ಮುಗಿಯುವ ಜಾಗದಲ್ಲಿ ಹಿಡಿದು ನಿಲ್ಲಿಸುವುದು. ಇದನ್ನು ಮೊದಲೆರಡು ಗಟ್ಟಿಯಾದ ಮೇಲೆ, ಮೂರನೇ ತಿಂಗಳಿನಿಂದ ಸೇರಿಸಿಕೊಳ್ಳಿ. ಪ್ರತಿ ಕೈಗೆ ಎಂಟರಿಂದ ಹತ್ತು ಸಲ, ಎರಡು ಸುತ್ತು. ಬೀಸಿದ ರಭಸಕ್ಕೆ ಕಲ್ಲು ತಾನೇ ಹೋಗುತ್ತಿದ್ದರೆ ಸಾಧನೆ ನಡೆಯುತ್ತಿಲ್ಲ. ಯಾವ ಕ್ಷಣದಲ್ಲಾದರೂ ನಿಲ್ಲಿಸಲು ಬರಬೇಕು, ಅಷ್ಟು ನಿಧಾನ. ಎದುರು ಯಾರೂ ಇರಬಾರದು, ಮೇಲೆ ಫ್ಯಾನ್ ಇರಬಾರದು.

ಜಾಡಿ

ನಿಗಿರಿಗಾಮೆ ಎನ್ನುವುದು ಕಂಠದಲ್ಲಿ ಅಂಚು ಹೊರಬಾಗಿರುವ ಒಂದು ಜೊತೆ ಜಾಡಿ. ಬೆರಳುಗಳನ್ನು ಅಗಲಿಸಿ ಅಂಚಿನ ಕೆಳಗೆ ಹಿಡಿದು ನಡೆಯುವುದಷ್ಟೇ ಸಾಧನೆ. ನಮ್ಮ ಉಪ್ಪಿನಕಾಯಿ ಜಾಡಿಗಳಲ್ಲಿ ಬಾಯಿ 9ರಿಂದ 11 ಸೆಂ.ಮೀ. ಅಗಲವಿರುವವು ಚೆನ್ನಾಗಿ ಒದಗುತ್ತವೆ. ಹೊಳಪಿನ ಅಂಚು ಬೆವರಿಗೆ ಜಾರುತ್ತದೆ, ಪ್ರತಿ ಸುತ್ತಿಗೂ ಒರೆಸಿಕೊಳ್ಳಿ.

ಬೆರಳನ್ನು ಜಾಡಿಯ ಒಳಗೆ ತೂರಿಸಬಾರದು. ತುದಿಗಳು ಹೊರಗಿನಿಂದಲೇ ಒತ್ತಬೇಕು, ಹೆಬ್ಬೆರಳು ಎದುರು ಬದಿಯಲ್ಲಿ ಬಾಗಿರಬೇಕು. ಮಂಡಿ ಮಡಿಸಿ ಎತ್ತಿ, ಕೈಗಳನ್ನು ಮೈಯಿಂದ ತುಸು ದೂರವಿಟ್ಟು, ಸಾಂಚಿನ್ ಹೆಜ್ಜೆಯಲ್ಲಿ ಹತ್ತು ಹೆಜ್ಜೆ ಮುಂದೆ, ಹತ್ತು ಹೆಜ್ಜೆ ಹಿಂದೆ. ಮೊದಲ ತಿಂಗಳು ಖಾಲಿ ಜಾಡಿ. ಆಮೇಲೆ ತಿಂಗಳಿಗೆ ಒಂದೊಂದು ಲೋಟ ಒಣ ಮರಳು, ಎರಡಕ್ಕೂ ಸಮನಾಗಿ. ಒಂದು ಲೋಟವೆಂದರೆ ಮುನ್ನೂರು ಗ್ರಾಂ ಆಸುಪಾಸು. ವರ್ಷದ ಕೊನೆಗೆ ಪ್ರತಿ ಜಾಡಿಗೂ ಮೂರು ಕಿಲೋಗೂ ಮೇಲೆ ಸೇರಿರುತ್ತದೆ. ಹಿಡಿತ ಸೋಲುವ ಮೊದಲೇ ಕೆಳಗಿಡಿ. ಈ ಸಾಧನೆಯಲ್ಲಿ ಆಗುವ ಅನಾಹುತ ಒಂದೇ: ಬರಿಗಾಲ ಮೇಲೆ ಜಾಡಿ ಬೀಳುವುದು. ಸಿಮೆಂಟ್ ನೆಲಕ್ಕಿಂತ ಮಣ್ಣಿನ ಅಂಗಳ ಅಥವಾ ದಪ್ಪ ಚಾಪೆ ಒಳ್ಳೆಯದು.

ಹಿಡಿಯುವ ಸ್ನಾಯುಗಳಿಗಷ್ಟೇ ಕೆಲಸ ಕೊಟ್ಟರೆ ಮೊಣಕೈಯ ಒಳಬದಿ ನೋಯುತ್ತದೆ. ಜಾಡಿ ಇಟ್ಟ ಮೇಲೆ ಐದೂ ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡು ಇಪ್ಪತ್ತು ಸಲ ಬಿಡಿಸಿ ಮಡಿಸಿ. ಎರಡು ನಿಮಿಷದ ಕೆಲಸ, ಬಿಡಬೇಡಿ.

ಮಾಕಿವಾರ: ಹೊಡೆಯುವ ಕಂಬ

ಒಕಿನಾವಾದ ಶುರಿ ಪಟ್ಟಣದ ಕರಾಟೆ ಗುರು ಇತೊಸು ಅಂಕೊ 1908ರಲ್ಲಿ ಬರೆದ ಪ್ರಸಿದ್ಧ ಪತ್ರದಲ್ಲಿ ಮಾಕಿವಾರಕ್ಕೆ ಒಂದು ಅಂಶವನ್ನೇ ಮೀಸಲಿಟ್ಟಿದ್ದಾರೆ. ಹೆಗಲು ಇಳಿಸಿ, ಎದೆ ತೆರೆದು, ಪಾದದಿಂದ ನೆಲ ಹಿಡಿದು, ಬಲವನ್ನು ಕಿಬ್ಬೊಟ್ಟೆಗೆ ಇಳಿಸಿ, ಒಂದೊಂದು ಕೈಯಿಂದ ನೂರು ಇನ್ನೂರು ಸಲ ಅಭ್ಯಾಸ ಮಾಡಬೇಕು ಎನ್ನುತ್ತಾರೆ. ಹೊಡೆತದ ಸಂಖ್ಯೆಗೆ ಮೊದಲು ಹೆಗಲು, ಎದೆ, ಪಾದ, ಹೊಟ್ಟೆ ಬಂದಿರುವುದನ್ನು ಗಮನಿಸಿ. ಗೆಣ್ಣಿನ ಮೇಲೆ ದಡ್ಡು ಕಟ್ಟಿಸಿಕೊಳ್ಳುವುದು ಇದರ ಗುರಿಯೇ ಅಲ್ಲ. ನೆಲದಲ್ಲಿ ಹುಟ್ಟಿದ ಬಲ ಕಾಲು, ಸೊಂಟ, ಬೆನ್ನು, ಹೆಗಲು ದಾಟಿ ಮುಷ್ಟಿಗೆ ಸೋರದೆ ತಲುಪುತ್ತಿದೆಯೇ ಎಂದು ನೋಡಿಕೊಳ್ಳುವುದು ಗುರಿ.

ಕಂಬ ಬಳುಕಬೇಕು, ಮಾಕಿವಾರದ ಜೀವವೇ ಅದು. ಗೋಡೆಗೆ ಸ್ಕ್ರೂ ಹಾಕುವ ಚಪ್ಪಟೆ ಪ್ಯಾಡ್‌ಗಳು ಅಗ್ಗವಾಗಿ ಸಿಗುತ್ತವೆ. ಅವುಗಳ ಹಿಂದಿರುವುದು ಗೋಡೆ. ಹೊಡೆತದ ಪೂರ್ತಿ ಬಲ ಬೆರಳಿನ ಕೀಲಿಗೆ ಮರಳಿ ಬರುತ್ತದೆ. ಅವನ್ನು ಕೊಳ್ಳಬೇಡಿ.

ಮರ: ಏಳು ಅಡಿ ಉದ್ದ, ನಾಲ್ಕು ಅಂಗುಲ ಅಗಲ, ಮೂರು ಅಂಗುಲ ದಪ್ಪ. ಜಪಾನಿನಲ್ಲಿ ಓಕ್, ಆಶ್, ಸೀಡರ್ ಬಳಸುತ್ತಾರೆ. ನಮ್ಮಲ್ಲಿ ಚೆನ್ನಾಗಿ ಒಣಗಿದ ತೇಗ ಆಗುತ್ತದೆ. ಜಾತಿಗಿಂತ ಮುಖ್ಯವಾದದ್ದು ಎಳೆ. ಬುಡದಿಂದ ತುದಿಯವರೆಗೆ ನೇರವಾಗಿರಬೇಕು, ಗಂಟು ಇರಲೇಬಾರದು. ಗಂಟಿದ್ದ ಕಡೆ ಒಂದಲ್ಲ ಒಂದು ದಿನ ಮುರಿಯುತ್ತದೆ. ನೀಲಗಿರಿ ಕಂಬ ಸುಲಭವಾಗಿ ಸಿಗುತ್ತದೆಂದು ತರಬೇಡಿ, ಒಣಗುವಾಗ ಸೀಳುತ್ತದೆ, ತಿರುಚಿಕೊಳ್ಳುತ್ತದೆ.

ಹೂಳುವ ಭಾಗ ಎರಡೂವರೆ ಅಡಿ ಪೂರ್ತಿ ದಪ್ಪದಲ್ಲೇ ಇರಲಿ. ಅಲ್ಲಿಂದ ಮೇಲಕ್ಕೆ ಹಿಂಬದಿಯನ್ನು ಮಾತ್ರ ಇಳಿಜಾರಾಗಿ ಕೆತ್ತಿಸಿ, ತುದಿಯಲ್ಲಿ ಮುಕ್ಕಾಲು ಅಂಗುಲ ಉಳಿಯಲಿ. ಹೊಡೆಯುವ ಮುಖ ಚಪ್ಪಟೆಯಾಗಿಯೇ ಇರಬೇಕು. ಒಮ್ಮೆಗೇ ತೆಳುವು ಮಾಡಲು ಬಡಗಿಯನ್ನು ಬಿಡಬೇಡಿ. ಮರದ ಬಿಗಿ ಅದರ ದಪ್ಪದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. ದಪ್ಪ ಹತ್ತನೇ ಒಂದು ಪಾಲು ಇಳಿದರೆ ಬಿಗಿ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚು ಇಳಿಯುತ್ತದೆ. ಕಂಬ ನೆಟ್ಟ ಮೇಲೆ ಅಂಗೈಯಿಟ್ಟು ತಳ್ಳಿ ನೋಡಿ. ಮೈಭಾರ ಹಾಕದೆ ತಳ್ಳಿದಾಗ ತುದಿ ಎರಡು ಬೆರಳಗಲ ಹಿಂದೆ ಸರಿದರೆ ಹೊಸಬರಿಗೆ ಸರಿ. ಸರಿಯದಿದ್ದರೆ ಉಜ್ಜುಗೊರಡಿನಿಂದ ಎರಡು ಮಿ.ಮೀ. ತೆಗೆದು ಮತ್ತೆ ತಳ್ಳಿ.

ಎತ್ತರ: ನಿಮ್ಮ ನಿಲುವಿನಲ್ಲಿ ನಿಂತು, ಎದೆಗೂಡು ಮುಗಿದು ಹೊಟ್ಟೆ ಶುರುವಾಗುವ ಗುಳಿಯ ಮಟ್ಟವನ್ನು ಗೋಡೆಯ ಮೇಲೆ ಗುರುತಿಸಿ. ಪ್ಯಾಡಿನ ನಡುಭಾಗ ಅಲ್ಲಿಗೆ ಬರಬೇಕು. ಐದೂವರೆ ಅಡಿ ಎತ್ತರದವರಿಗೆ ಅದು ನೆಲದಿಂದ 110–115 ಸೆಂ.ಮೀ. ಆಗುತ್ತದೆ.

ನೆಡುವುದರಲ್ಲಿ ಒಂದು ಸೂಕ್ಷ್ಮವಿದೆ. ತುದಿಗೆ ಪೆಟ್ಟು ಬಿದ್ದಾಗ ಕಂಬ ನೆಲದ ಮಟ್ಟದಲ್ಲಿ ಹಿಂದಕ್ಕೆ ಒತ್ತುತ್ತದೆ, ಗುಂಡಿಯ ತಳದಲ್ಲಿ ಅದರ ಬುಡ ಮುಂದಕ್ಕೆ, ಅಂದರೆ ಹೊಡೆಯುವವನ ಕಡೆಗೆ ಒದೆಯುತ್ತದೆ. ಹಾಗಾಗಿ ಗುಂಡಿಯ ತಳದಲ್ಲಿ ದೊಡ್ಡ ಚಪ್ಪಟೆ ಕಲ್ಲನ್ನು ನಿಮ್ಮ ಬದಿಗೆ, ನೆಲದ ಮಟ್ಟದಲ್ಲಿ ಇನ್ನೊಂದನ್ನು ಕಂಬದ ಹಿಂಬದಿಗೆ ಕೂರಿಸಿ. ನಡುವೆ ಮಣ್ಣು, ಸಣ್ಣ ಕಲ್ಲು ಹಾಕಿ ಅರ್ಧ ಅಡಿಗೊಮ್ಮೆ ಹಾರೆಯಿಂದ ಕುಟ್ಟಿ. ಕಲ್ಲುಗಳನ್ನು ತಿರುವುಮುರುವು ಇಟ್ಟರೆ ವಾರದಲ್ಲೇ ಕಂಬ ಅಲುಗುತ್ತದೆ. ಹೂಳುವ ಭಾಗವನ್ನು ಮೊದಲು ಬೆಂಕಿಯಲ್ಲಿ ಮೇಲ್ಮೈ ಕಪ್ಪಾಗುವಷ್ಟು ಸುಟ್ಟು, ಡಾಂಬರು ಬಳಿಯಿರಿ. ಇಲ್ಲದಿದ್ದರೆ ನಮ್ಮ ಕೆಂಪು ಮಣ್ಣಿನಲ್ಲಿ ಗೆದ್ದಲು ಬಿಡುವುದಿಲ್ಲ. ತಾರಸಿ ಮನೆಯವರು ಕಬ್ಬಿಣದ ತಳವಿರುವ ಸ್ಟ್ಯಾಂಡ್ ಮಾಡಿಸಿ ಬೋಲ್ಟ್ ಹಾಕಿಸಬಹುದು. ಕೆಳಗಿನ ಮನೆಗೆ ಸದ್ದು ಹೋಗುತ್ತದೆ, ಹೊತ್ತು ನೋಡಿಕೊಳ್ಳಿ.

ಪ್ಯಾಡಿಗೆ ಭತ್ತದ ಹುಲ್ಲಿನ ಹಗ್ಗವೇ ಮೂಲ ಪದ್ಧತಿ. ಹುಲ್ಲನ್ನು ನೀರು ಚಿಮುಕಿಸಿ ಕೊಡತಿಯಿಂದ ಬಡಿದು ಮೆದು ಮಾಡಿ, ಬೆರಳು ಗಾತ್ರದ ಹಗ್ಗ ಹೊಸೆದು, ಒಂದಡಿ ಎತ್ತರಕ್ಕೆ ಒತ್ತೊತ್ತಾಗಿ ಸುತ್ತಿ. ಭತ್ತದ ನಾಡಿನವರಿಗೆ ಇದೇನೂ ಹೊಸ ವಿದ್ಯೆಯಲ್ಲ. ತೆಂಗಿನ ನಾರಿನ ಹಗ್ಗ ಬೇಡ, ಚರ್ಮ ಹರಿಯುತ್ತದೆ. ಹೊಸಬರು ಹುಲ್ಲಿನ ಮೇಲೆ ದಪ್ಪ ಹತ್ತಿ ಬಟ್ಟೆ ಕಟ್ಟಿಕೊಳ್ಳಲಿ. ಹಲವರು ಹೊಡೆಯುವ ಕಂಬವಾದರೆ ಪ್ರತಿಯೊಬ್ಬರಿಗೂ ಅವರವರದೇ ಬಟ್ಟೆ ಇರಬೇಕು. ರಕ್ತ ತಾಗಿದ ಪ್ಯಾಡಿನಿಂದ ಕಾಯಿಲೆ ಹರಡುತ್ತದೆ.

ಹೊಡೆಯುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ಕಿರುಬೆರಳಿನಿಂದ ಶುರುಮಾಡಿ ಬೆರಳುಗಳನ್ನು ಅಂಗೈಗೆ ಬಿಗಿಯಾಗಿ ಮಡಿಸಿ, ಹೆಬ್ಬೆರಳನ್ನು ತೋರುಬೆರಳು ನಡುಬೆರಳಿನ ಮೇಲೆ ಅಡ್ಡ ಬಿಗಿಯಿರಿ. ಮಡಿಸಿದ ಟವೆಲಿನ ಮೇಲೆ ತೋರು ಮತ್ತು ನಡುಬೆರಳಿನ ಗೆಣ್ಣೂರಿ ಪುಷ್ ಅಪ್ ಭಂಗಿಯಲ್ಲಿ ಮೂವತ್ತು ಸೆಕೆಂಡು ನಿಲ್ಲಿ. ಮಣಿಕಟ್ಟು ನಡುಗಿ ಆಚೀಚೆ ವಾಲಿದರೆ ನೀವಿನ್ನೂ ಕಂಬಕ್ಕೆ ಸಿದ್ಧರಿಲ್ಲ. ಚೀಶಿಗೆ ಹಿಂತಿರುಗಿ.

ಮೊದಲ ಎರಡು ವಾರ ಹೊಡೆಯಲೇಬೇಡಿ. ಎಡಗಾಲು ಮುಂದಿಟ್ಟು, ಬಲ ಮುಷ್ಟಿಯನ್ನು ಪ್ಯಾಡಿಗೆ ತಾಗಿಸಿ, ಮೊಣಕೈ ಪೂರ್ತಿ ಚಾಚದೆ ತುಸು ಬಾಗಿರುವಾಗಲೇ, ಉಸಿರು ಬಿಡುತ್ತ ಕಂಬವನ್ನು ತಳ್ಳಿ. ಹಿಂದಿನ ಹಿಮ್ಮಡಿ ನೆಲವನ್ನು ಒತ್ತುವುದು, ಸೊಂಟ ತಿರುಗುವುದು, ಪಕ್ಕೆಯ ಹಿಂಭಾಗ ಬಿಗಿಯುವುದು ಒಂದಾದ ಮೇಲೊಂದು ತಿಳಿಯಬೇಕು. ಕೈಗೆ ಹತ್ತರಂತೆ ಸಾಕು. ಮೂರನೇ ವಾರದಿಂದ ಹಗುರ ಹೊಡೆತ, ನಿಮ್ಮ ಬಲದ ಕಾಲು ಭಾಗ ಮಾತ್ರ. ದುರ್ಬಲ ಕೈಯಿಂದ ಶುರುಮಾಡಿ ಹತ್ತು, ಆಮೇಲೆ ಇನ್ನೊಂದರಿಂದ ಹತ್ತು. ತಾಗಿದ ಕೂಡಲೇ ಕೈ ಹಿಂದೆಳೆಯಬೇಡಿ. ಕಂಬವನ್ನು ಬಳುಕಿಸಿ ಒಂದು ಕ್ಷಣ ಅಲ್ಲೇ ಒತ್ತಿ ಹಿಡಿಯಿರಿ, ಅದು ವಾಪಸು ತಳ್ಳುವುದನ್ನು ಕಾಲಿನವರೆಗೆ ತಾಳಿಕೊಳ್ಳಿ. ಆ ಕ್ಷಣದಲ್ಲೇ ಕಲಿಯುವುದೆಲ್ಲ ಇದೆ. ವಾರಕ್ಕೆ ಮೂರು ದಿನ ಮೀರದಿರಲಿ. ಮರುದಿನ ಬೆಳಿಗ್ಗೆ ಗೆಣ್ಣಿನಲ್ಲಿ ನೋವು, ಬಾವು ಇಲ್ಲದಿದ್ದರೆ ಎರಡು ವಾರಕ್ಕೆ ಐದರಂತೆ ಏರಿಸಿ. ಕೈಗೆ ಐವತ್ತು ಮುಟ್ಟಿದ ಮೇಲೆ ಅಲ್ಲೇ ನಿಂತು ಬಲವನ್ನು ನಿಧಾನ ಹೆಚ್ಚಿಸಿ. ಇತೊಸು ಹೇಳಿದ ನೂರು ಇನ್ನೂರು ಗುರುವಿನ ಕಣ್ಣೆದುರು ವರ್ಷಗಟ್ಟಲೆ ಬೆಳೆಯುವವರ ಲೆಕ್ಕ.

ಏನು ತಪ್ಪುತ್ತಿದೆ ಎಂಬುದನ್ನು ನೋವು ಎಲ್ಲಿದೆ ಎಂಬುದರಿಂದ ಓದಿಕೊಳ್ಳಬಹುದು. ಉಂಗುರಬೆರಳಿನ ಗೆಣ್ಣು ಕೆಂಪಾದರೆ ಮುಷ್ಟಿ ಹೊರಕ್ಕೆ ವಾಲಿದೆ. ಇದನ್ನು ತಿದ್ದಿಕೊಳ್ಳದೆ ಬಲವಾಗಿ ಹೊಡೆದವರಿಗೇ ಕಿರುಬೆರಳಿನ ಹಿಂದಿನ ಅಂಗೈಮೂಳೆ ಮುರಿಯುವುದು. ಗೆಣ್ಣಿನ ಚರ್ಮ ಗೀರಿದಂತೆ ಸುಲಿದರೆ ಮುಷ್ಟಿ ತಾಗಿದ ಮೇಲೂ ತಿರುಗುತ್ತಿದೆ ಅಥವಾ ಮೇಲಿನಿಂದ ಕೆಳಕ್ಕೆ ಜಾರುತ್ತಿದೆ. ತಿರುವು ತಾಗುವಷ್ಟರಲ್ಲಿ ಮುಗಿದಿರಬೇಕು. ಮಣಿಕಟ್ಟಿನ ಮೇಲ್ಬದಿ ನೋಯುತ್ತಿದ್ದರೆ ಅದು ಬಾಗುತ್ತಿದೆ. ಮೊಣಕೈಯಲ್ಲಿ ಟಕ್ ಎಂದು ಸಿಡಿದಂತಾದರೆ ನೀವು ದೂರ ನಿಂತಿದ್ದೀರಿ, ಕೈ ಪೂರ್ತಿ ಚಾಚಿದ ಮೇಲೆ ತಾಗುತ್ತಿದೆ. ಅರ್ಧ ಅಡಿ ಹತ್ತಿರ ಬನ್ನಿ. ಹೆಗಲು ಕಿವಿಯ ಕಡೆ ಏರುತ್ತಿದ್ದರೆ ಬಲ ಬರುತ್ತಿರುವುದು ಕೈಯಿಂದ ಮಾತ್ರ. ಹೊಡೆದಾಗಲೆಲ್ಲ ನೀವೇ ಹಿಂದಕ್ಕೆ ವಾಲುತ್ತಿದ್ದರೆ ಹಿಮ್ಮಡಿ ನೋಡಿಕೊಳ್ಳಿ. ಚರ್ಮ ಒಡೆದರೆ ಪೂರ್ತಿ ಮಾಯುವವರೆಗೆ ಬಿಡುವು. ಗೆಣ್ಣು ಊದಿ ಮೂರು ದಿನವಾದರೂ ಇಳಿಯದಿದ್ದರೆ, ಬೆರಳು ಮಡಿಸಿದಾಗ ಓರೆಯಾಗಿ ಕಂಡರೆ, ಎಣ್ಣೆ ಹಚ್ಚಿ ಕೂರದೆ ಎಕ್ಸ್‌ರೇ ಮಾಡಿಸಿ.

ಇಬ್ಬರಿದ್ದರೆ

ಜೊತೆಗಾರ ಸಿಕ್ಕರೆ ಕಾಕಿಯೆ ಮಾಡಿ. ಎದುರುಬದುರು ಸಾಂಚಿನ್‌ನಲ್ಲಿ ನಿಂತು, ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ, ಒಬ್ಬ ತಳ್ಳಿದಾಗ ಇನ್ನೊಬ್ಬ ತಾಳಿಕೊಂಡು ಬಳಸಿ ಮರಳಿ ತಳ್ಳುವುದು. ನಿಲುವಿನ ದೋಷ ಇದರಲ್ಲಿ ಕೂಡಲೇ ಬಯಲಾಗುತ್ತದೆ. ಮುಂಗೈಗೆ ಮುಂಗೈ ಬಡಿಯುವ ಸಾಧನೆಯೂ ಇದೆ. ಮಾಂಸಖಂಡಕ್ಕೆ ತಾಗುವಂತೆ, ಹಗುರವಾಗಿ, ಬದಿಗೆ ಹತ್ತು ಸಲ ಮೀರದಂತೆ. ಮೊಣಕಾಲ ಕೆಳಗಿನ ಮೂಳೆಗೆ ಬಾಟಲಿ ಉರುಳಿಸುವುದು, ಕಬ್ಬಿಣದ ಪೈಪಿನಿಂದ ತಟ್ಟಿಕೊಳ್ಳುವುದು ಮುಂತಾದವನ್ನು ವಿಡಿಯೊ ನೋಡಿ ಮಾಡಬೇಡಿ.

ವಾರದ ಹೊಂದಾಣಿಕೆ

ತರಗತಿಯಿಲ್ಲದ ನಾಲ್ಕು ದಿನ, ದಿನಕ್ಕೆ ಮುಕ್ಕಾಲು ಗಂಟೆ ಸಿಕ್ಕರೆ ಸಾಕು. ಮೊದಲ ಹತ್ತು ನಿಮಿಷ ಕಾಲ್ಬೆರಳಿನಿಂದ ಶುರುಮಾಡಿ ಹರಡು, ಮಂಡಿ, ಸೊಂಟ, ಬೆನ್ನು, ಹೆಗಲು, ಕುತ್ತಿಗೆ ಎಂದು ಮೇಲಕ್ಕೆ ಒಂದೊಂದೇ ಕೀಲನ್ನು ಸಡಿಲಿಸಿ. ಆಮೇಲೆ ಸಾಂಚಿನ್, ಮೂರು ಸಲ. ಎರಡು ದಿನ ಚೀಶಿ ಮತ್ತು ಜಾಡಿ, ಇನ್ನೆರಡು ದಿನ ಮಾಕಿವಾರ. ಚೀಶಿಯಿಂದ ಮಣಿಕಟ್ಟು ದಣಿದ ದಿನವೇ ಕಂಬಕ್ಕೆ ಹೊಡೆಯಬಾರದೆಂದು ಈ ಹಂಚಿಕೆ. ಕೊನೆಯ ಹತ್ತು ಹದಿನೈದು ನಿಮಿಷ ಕಟಾಕ್ಕೆ. ತೋಳು ದಣಿದಾಗ ತೋಳಿನ ಬಲದಿಂದ ಕಟಾ ಮಾಡಲು ಬರುವುದಿಲ್ಲ, ಸೊಂಟ ಕೆಲಸಕ್ಕಿಳಿಯಲೇಬೇಕಾಗುತ್ತದೆ. ಹೊತ್ತು ಸಾಲದ ದಿನ ಉಪಕರಣ ಬಿಡಿ, ಕಟಾ ಬಿಡಬೇಡಿ. ಇವೆಲ್ಲ ಕಟಾಕ್ಕಾಗಿ ಇರುವ ಪೂರಕಗಳು.

ಜ್ವರ ಬಂದು ಎದ್ದವರು, ಎರಡು ವಾರಕ್ಕಿಂತ ಹೆಚ್ಚು ಬಿಟ್ಟವರು ಮೊದಲಿನ ಅರ್ಧ ಸಂಖ್ಯೆಯಿಂದ ಮತ್ತೆ ಶುರುಮಾಡಲಿ. ಮಳೆಗಾಲದಲ್ಲಿ ಹುಲ್ಲಿನ ಪ್ಯಾಡ್ ಬಿಚ್ಚಿ ಒಳಗಿಡಿ, ನೆನೆದರೆ ಬೂಷ್ಟು ಹಿಡಿಯುತ್ತದೆ. ಮಳೆ ಮುಗಿದ ಮೇಲೆ ಕಂಬದ ಬುಡದ ಮಣ್ಣನ್ನು ಒಂದು ಗೇಣು ಸರಿಸಿ, ನೆಲದ ಮಟ್ಟದಲ್ಲಿ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಕೊಳೆಯುವುದು ಮೊದಲು ಅಲ್ಲಿಯೇ. ತುದಿ ಸುಲಭವಾಗಿ ಒಳಗೆ ಇಳಿದರೆ ಆ ಕಂಬವನ್ನು ಕಿತ್ತು ಬೇರೆಯದನ್ನು ನೆಡಿ.